15 ಗ್ರಾಂ ಕಾಫಿಪುಡಿ, 250 ಗ್ರಾಂ ನೀರು: ಅಳತೆ ಅದೇ, ರುಚಿ ಮಾತ್ರ ದಿನಕ್ಕೊಂದು ಥರ. ತಪ್ಪು ಸ್ಕೇಲ್‌ದೋ, ಕೈಯದೋ?

ಹೊಸಪುಡಿ:

ವಿ60 ಡ್ರಿಪ್ಪರ್‌ನಲ್ಲಿ (ಪೇಪರ್ ಫಿಲ್ಟರ್ ಹಾಕುವ ಕೋನಾಕಾರದ ಬಟ್ಟಲು) ಕಾಫಿ ಇಳಿಸುವಾಗ ಅಡುಗೆಮನೆಯ ಮಾಮೂಲಿ ಡಿಜಿಟಲ್ ತೂಕದ ಸ್ಕೇಲ್ ಬಳಸುತ್ತಿದ್ದೇನೆ. ಗರಿಷ್ಠ 5 ಕೆಜಿ, ತೋರಿಸುವುದು 1 ಗ್ರಾಂ ಲೆಕ್ಕದಲ್ಲಿ. 15 ಗ್ರಾಂ ಪುಡಿ, 250 ಗ್ರಾಂ ನೀರು, ನೀರಿನ ಬಿಸಿ 93 ಡಿಗ್ರಿ. ಬೀಜ ಅದೇ, ಗ್ರೈಂಡರ್ ಸೆಟ್ಟಿಂಗ್ ಅದೇ. ಆದರೂ ಒಂದು ದಿನ ನೀರುನೀರು, ಇನ್ನೊಂದು ದಿನ ನಾಲಿಗೆ ಒರಟಾಗುವಷ್ಟು ಗಡುಸು.

ಸ್ಕೇಲ್ ಆಡುವ ಆಟಗಳು ಇವು. ಬೀಜದ ಬಟ್ಟಲನ್ನು ಎತ್ತಿ ಮತ್ತೆ ಇಟ್ಟರೆ 15 ಇದ್ದದ್ದು 14 ಆಗುತ್ತದೆ. ಸಣ್ಣ ಧಾರೆಯಲ್ಲಿ ನೀರು ಹಾಕಿದರೆ ಅಂಕಿ ಅಲ್ಲೇ ನಿಂತು, ಆಮೇಲೆ ಒಮ್ಮೆಗೇ ನಾಲ್ಕೈದು ಗ್ರಾಂ ಜಿಗಿಯುತ್ತದೆ. ನಡುವೆ ತಾನಾಗಿ ಆಫ್ ಆದರೆ ಅಲ್ಲಿಯವರೆಗಿನ ಲೆಕ್ಕ ಹೋಯಿತು. 250ಕ್ಕೆ ಸರಿಯಾಗಿ ಕೈ ಎತ್ತಿದರೂ ಅಂಕಿ 256ಕ್ಕೆ ಹೋಗಿ ನಿಲ್ಲುತ್ತದೆ, ಕಾಫಿ ಇಳಿಯುವಷ್ಟರಲ್ಲಿ ಮತ್ತೆ ಎರಡು ಮೂರು ಗ್ರಾಂ ಕಡಿಮೆ.

0.1 ಗ್ರಾಂ ತೋರಿಸುವ, ಟೈಮರ್ ಇರುವ ಕಾಫಿ ಸ್ಕೇಲ್ ತೆಗೆದುಕೊಳ್ಳಲೇಬೇಕಾ? ಇನ್ನೊಂದು ಗೊಂದಲ: ರೆಸಿಪಿಯಲ್ಲಿ 250 ಅಂದರೆ ಹಾಕುವ ನೀರೋ, ಕೆಳಗೆ ಇಳಿದ ಕಾಫಿಯೋ?

ಗ್ರಾಂಲೆಕ್ಕ:

ಮೊದಲು ಲೆಕ್ಕ ನೋಡಿ, ಅರ್ಧ ಉತ್ತರ ಅದರಲ್ಲೇ ಇದೆ.

1 ಗ್ರಾಂ ಸ್ಕೇಲ್ 15 ಎಂದು ತೋರಿಸಿದರೆ ನಿಜವಾದ ತೂಕ 14.5ರಿಂದ 15.5ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 250 ಗ್ರಾಂ ನೀರಿಗೆ ಪುಡಿ–ನೀರಿನ ಅನುಪಾತ 1:17.2ರಿಂದ 1:16.1. ನಿಮ್ಮ ಸ್ಕೇಲ್ ಎತ್ತಿಟ್ಟರೆ ಒಂದು ಅಂಕಿ ಬದಲಾಗುತ್ತದೆ ಅಂದಿರಿ. ಹಾಗಾದರೆ 14ರಿಂದ 16ರವರೆಗೂ ಹಿಡಿಯಬೇಕು, ಆಗ 1:17.9ರಿಂದ 1:15.6. ಈ ಎರಡು ತುದಿಗಳು ಒಂದೇ ರೆಸಿಪಿ ಅಲ್ಲ, ಎರಡು ರೆಸಿಪಿ. ರುಚಿ ದಿನಕ್ಕೊಂದು ಥರ ಆಗುವುದಕ್ಕೆ ಇಷ್ಟೇ ಸಾಕು.

ಅದೇ 1 ಗ್ರಾಂ ತಪ್ಪು ನೀರಿನಲ್ಲಿ ಆದರೆ? 250ರಲ್ಲಿ 1, ಅಂದರೆ ಶೇ. 0.4. ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಪುಡಿಯಲ್ಲಿ 1 ಗ್ರಾಂ ತಪ್ಪಿದರೆ ಸುಮಾರು 17 ಗ್ರಾಂ ನೀರು ತಪ್ಪಿದ ಹಾಗೆ. ಹಾಗಾಗಿ 0.1 ಗ್ರಾಂ ಬೇಕಾಗಿರುವುದು ಪುಡಿಗೆ, ನೀರಿಗಲ್ಲ. ನೀರಿಗೆ ಈಗಿನ ಸ್ಕೇಲ್ ಧಾರಾಳ ಸಾಕು.

0.01 ಗ್ರಾಂ ತೋರಿಸುವ ಪಾಕೆಟ್ ಸ್ಕೇಲ್ ನೋಡಿ ಮರುಳಾಗಬೇಡಿ. ಹುರಿದ ಒಂದು ಬೀಜವೇ ಹೆಚ್ಚುಕಡಿಮೆ 0.13 ಗ್ರಾಂ ತೂಗುತ್ತದೆ. ಬೀಜವನ್ನು ಕತ್ತರಿಸಿ ಹಾಕುವವರಿಗೆ ಮಾತ್ರ 0.01 ಬೇಕು! (ಬೀಥೋವೆನ್ ಒಂದು ಕಪ್‌ಗೆ 60 ಬೀಜ ಎಣಿಸಿ ಹಾಕುತ್ತಿದ್ದನಂತೆ. ಈ ಲೆಕ್ಕದಲ್ಲಿ ಸುಮಾರು 8 ಗ್ರಾಂ. ಸ್ಕೇಲ್ ಇಲ್ಲದ ಕಾಲಕ್ಕೆ ಕೆಟ್ಟ ಉಪಾಯವೇನಲ್ಲ.) ಸಾಲದ್ದಕ್ಕೆ ಪಾಕೆಟ್ ಸ್ಕೇಲ್‌ಗಳ ಗರಿಷ್ಠ ತೂಕ 200 ಅಥವಾ 500 ಗ್ರಾಂ. ಗಾಜಿನ ಸರ್ವರ್ (ಕಾಫಿ ಇಳಿಯುವ ಪಾತ್ರೆ), ಡ್ರಿಪ್ಪರ್, ನೀರು ಎಲ್ಲ ಸೇರಿದರೆ ಅದನ್ನು ದಾಟಿಬಿಡುತ್ತದೆ.

ಹೊಸದು ಕೊಳ್ಳುವವರೆಗೆ ಈಗಿನ ಸ್ಕೇಲ್‌ನಲ್ಲೇ ಒಂದು ಉಪಾಯ ಇದೆ. ಬಟ್ಟಲು ಇಟ್ಟು ಟೇರ್ (ಅಂಕಿಯನ್ನು ಸೊನ್ನೆ ಮಾಡುವ ಬಟನ್) ಒತ್ತಿ. 13–14 ಬರುವವರೆಗೆ ಬೀಜ ಸುರಿಯಿರಿ. ಅಲ್ಲಿಂದ ಮುಂದೆ ಒಂದೊಂದೇ ಬೀಜ ಹಾಕುತ್ತಾ, ಪ್ರತಿ ಬೀಜಕ್ಕೂ ಒಂದೆರಡು ಸೆಕೆಂಡ್ ಕಾಯಿರಿ. 14 ಹೋಗಿ 15 ಬಂದ ತಕ್ಷಣ ನಿಲ್ಲಿಸಿ. ಅಂಕಿ ಹೊರಳುವ ಜಾಗ 14.5ರ ಆಸುಪಾಸು. ದಿನಾ ಅದೇ ಹೊರಳುವ ಜಾಗದಲ್ಲಿ ನಿಲ್ಲಿಸಿದರೆ ವ್ಯತ್ಯಾಸ ಒಂದೆರಡು ಬೀಜದಷ್ಟೇ. ಯಾವಾಗಲೂ ಕಡಿಮೆಯಿಂದ ಹೆಚ್ಚಿಗೆ ಹೋಗಬೇಕು, ಜಾಸ್ತಿ ಹಾಕಿ ತೆಗೆಯುತ್ತಾ ಬಂದರೆ ಅಂಕಿ ಬೇರೆ ಕಡೆ ಹೊರಳಬಹುದು. ನಿಮ್ಮ ಪುಡಿಯ ಪ್ರಮಾಣ ಈಗ 14.5 ಎಂದು ಹಿಡಿದು ನೀರು 240 ಮಾಡಿಕೊಳ್ಳಿ, 1:16.5 ಆಗುತ್ತದೆ.

ಚಮಚದ ಅಳತೆಗೆ ಹಿಂದಿರುಗುವ ಯೋಚನೆ ಬೇಡ. ಕಡು ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ, ತಿಳಿ ಹುರಿದದ್ದು ಗಟ್ಟಿ. ಅದೇ ಚಮಚ, ಅದೇ ಗೋಪುರ, ತೂಕ ಬೇರೆ.

ಲೋಡ್‌ಸೆಲ್:

ಜಿಗಿತ, ಆಫ್ ಆಗುವುದು, ಅಂಕಿ ಇಳಿಯುವುದು, ಎತ್ತಿಟ್ಟರೆ ತೂಕ ಬದಲಾಗುವುದು, ನಾಲ್ಕಕ್ಕೂ ಬೇರೆ ಬೇರೆ ಕಾರಣ. ಒಂದಕ್ಕೆ ಮಾತ್ರ ಸ್ಕೇಲ್ ಕೆಟ್ಟಿರುವ ಸಾಧ್ಯತೆ ಇದೆ.

ತಟ್ಟೆಯ ಕೆಳಗೆ ಇರುವುದು ಲೋಡ್‌ಸೆಲ್, ನಡುವೆ ತೂತು ಕೊರೆದ ಅಲ್ಯೂಮಿನಿಯಂ ಪಟ್ಟಿ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೈನ್ ಗೇಜ್‌ಗಳ ವಿದ್ಯುತ್ ನಿರೋಧ ಬದಲಾಗುತ್ತದೆ. ಹುಟ್ಟುವ ಸಂಕೇತ ಕೆಲವೇ ಮಿಲಿವೋಲ್ಟ್, ಅದರಲ್ಲಿ ಗದ್ದಲವೂ ಸೇರಿರುತ್ತದೆ. ಹಾಗಾಗಿ ಚಿಪ್ ಹಲವು ಓದಿಕೆಗಳ ಸರಾಸರಿ ತೆಗೆದು ತೋರಿಸುತ್ತದೆ. ಅಡುಗೆ ಸ್ಕೇಲ್‌ಗಳಲ್ಲಿ ಅಂಕಿ ಕುಣಿಯದಿರಲಿ ಎಂದು ಈ ಸರಾಸರಿಯನ್ನು ಉದ್ದ ಮಾಡಿರುತ್ತಾರೆ. ಹಿಟ್ಟು ತೂಗುವವರಿಗೆ ಅದು ಅನುಕೂಲ, ಧಾರೆ ಹಾಕುವವರಿಗೆ ತೊಂದರೆ. ನೀವು ನೋಡುತ್ತಿರುವ ಅಂಕಿ ಒಂದು ಸೆಕೆಂಡ್ ಹಳೆಯದು. ಸೆಕೆಂಡಿಗೆ 5–6 ಗ್ರಾಂ ಬೀಳುತ್ತಿದ್ದರೆ 250 ಕಂಡಾಗ ನಿಜವಾಗಿ 255 ದಾಟಿರುತ್ತದೆ. ನಿಮ್ಮ 256 ಅದೇ. 244–245ಕ್ಕೆ ಕೈ ಎತ್ತಿ, ಅಂಕಿ ತಾನಾಗಿ ಬಂದು ಸೇರುತ್ತದೆ.

ಸಣ್ಣ ಧಾರೆಗೆ ಅಂಕಿ ನಿಲ್ಲುವುದು ಬೇರೆ ವಿಷಯ. ಸೊನ್ನೆಯ ಹತ್ತಿರ ಬಹಳ ನಿಧಾನವಾಗಿ ಆಗುವ ಬದಲಾವಣೆಯನ್ನು ಈ ಸ್ಕೇಲ್‌ಗಳು ಧೂಳು ಅಥವಾ ಬಿಸಿಯ ಪ್ರಭಾವ ಎಂದುಕೊಂಡು ತಾವೇ ಮತ್ತೆ ಸೊನ್ನೆ ಮಾಡಿಕೊಳ್ಳುತ್ತವೆ. ಇದಕ್ಕೆ ಆಟೋ ಝೀರೋ ಟ್ರ್ಯಾಕಿಂಗ್ ಎನ್ನುತ್ತಾರೆ. ಟೇರ್ ಒತ್ತಿದ ಮೇಲೂ ಅಂಕಿ ಸೊನ್ನೆಯೇ ತಾನೆ, ಆಗಲೂ ಇದು ಕೆಲಸ ಮಾಡುತ್ತದೆ. ತೊಟ್ಟಿಕ್ಕುವ ಮೊದಲ ಕೆಲವು ಗ್ರಾಂ ಹೀಗೆ ಲೆಕ್ಕಕ್ಕೇ ಸಿಗದೆ ಹೋಗಬಹುದು.

ಪರೀಕ್ಷೆ ಸುಲಭ. ಖಾಲಿ ಲೋಟ ಇಟ್ಟು ಟೇರ್ ಮಾಡಿ, ಡ್ರಾಪರ್‌ನಿಂದ 100 ತೊಟ್ಟು ನೀರು ಒಂದೊಂದಾಗಿ ಬಿಡಿ. ಸುಮಾರು 20 ತೊಟ್ಟಿಗೆ 1 ಮಿಲಿ, ಅಂದರೆ 5 ಗ್ರಾಂ ಆಸುಪಾಸು ತೋರಿಸಬೇಕು. 0 ಅಥವಾ 1 ತೋರಿಸಿದರೆ ಟ್ರ್ಯಾಕಿಂಗ್ ನುಂಗಿದೆ ಎಂದರ್ಥ. ಈಗ ಲೋಟ ಖಾಲಿ ಮಾಡಿ ಒರೆಸಿ, ಮತ್ತೆ ಟೇರ್ ಮಾಡಿ, ಲೋಟದ ಪಕ್ಕದಲ್ಲಿ ತಟ್ಟೆಯ ಮೇಲೆಯೇ ಒಂದು ಟೀ ಚಮಚ ಇಟ್ಟು ಅದೇ 100 ತೊಟ್ಟು ಬಿಡಿ. ಚಮಚ 20 ಗ್ರಾಂ ಇದ್ದರೆ ಓದಿಕೆ 20ರಿಂದ ಶುರುವಾಗುತ್ತದೆ. ಸೊನ್ನೆಯಿಂದ ದೂರ ಇರುವುದರಿಂದ ಟ್ರ್ಯಾಕಿಂಗ್ ತಲೆ ಹಾಕುವುದಿಲ್ಲ. ಕಾಫಿ ಮಾಡುವಾಗಲೂ ಹೀಗೇ ಚಮಚ ಬಿಟ್ಟು, ಗುರಿಯನ್ನು 20 ಮುಂದೆ ಹಾಕಿಕೊಂಡರೆ ಆಯಿತು.

ಆಫ್ ಆಗುವುದಕ್ಕೆ ಮದ್ದು ಪೆನ್ನು, ಕಾಗದ. ಸರ್ವರ್, ಡ್ರಿಪ್ಪರ್, ಒದ್ದೆ ಪೇಪರ್, ಪುಡಿ ಎಲ್ಲ ಸೇರಿ ಎಷ್ಟು ಎಂದು ಟೇರ್‌ಗೆ ಮೊದಲೇ ಬರೆದಿಡಿ. 482 ಬಂತು ಅನ್ನಿ. ಗುರಿ 732. ಸ್ಕೇಲ್ ಆಫ್ ಆಯಿತೋ, ಎಲ್ಲವನ್ನೂ ಕೆಳಗಿಳಿಸಿ, ಖಾಲಿ ತಟ್ಟೆಯಲ್ಲಿ ಆನ್ ಮಾಡಿ, ಮತ್ತೆ ಇಡಿ. 640 ತೋರಿಸಿದರೆ ಇನ್ನೂ 92 ಗ್ರಾಂ ಬಾಕಿ. ಭಾರ ಮೇಲಿದ್ದಾಗಲೇ ಆನ್ ಮಾಡಿದರೆ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ, ಆಗ ಏನೂ ಮಾಡಲಾಗದು.

ಇನ್ನು ಕೊನೆಗೆ ಎರಡು ಮೂರು ಗ್ರಾಂ ಇಳಿಯುವುದು. ಒಂದು ಪಾಲು ಹಬೆ, ಅದು ನಿಜವಾಗಿ ಹಾರಿಹೋದ ನೀರು, ಸ್ಕೇಲ್ ಸುಳ್ಳು ಹೇಳುತ್ತಿಲ್ಲ. ಇನ್ನೊಂದು ಪಾಲು ಬಿಸಿ: ಸರ್ವರ್‌ನ ತಳ ಸುಟ್ಟು ತಟ್ಟೆ ಕಾದರೆ ಲೋಡ್‌ಸೆಲ್ ಓದಿಕೆ ಜಾರುತ್ತದೆ. 3–4 ಮಿಮೀ ದಪ್ಪದ ಕಾರ್ಕ್ ಅಥವಾ ಸಿಲಿಕೋನ್ ಮ್ಯಾಟ್ ಹಾಕಿ, ಟೇರ್‌ಗೆ ಮೊದಲೇ.

ಎತ್ತಿಟ್ಟರೆ 15 ಹೋಗಿ 14 ಆಗುವುದೇ ನನಗೆ ಅನುಮಾನ ತರುವ ಲಕ್ಷಣ. 14.5ರ ಗಡಿಯಲ್ಲಿದ್ದರೆ ಅದು ಸಹಜ. ಆದರೂ ಹೀಗೆ ನೋಡಿ: ಯಾವುದಾದರೂ 500 ಗ್ರಾಂ ಹತ್ತಿರದ ವಸ್ತುವನ್ನು ನಡುವೆ, ಆಮೇಲೆ ನಾಲ್ಕು ಮೂಲೆಯಲ್ಲಿ ತೂಗಿ. ನಂತರ ಐದು ನಿಮಿಷ ಬಿಟ್ಟು ತೆಗೆಯಿರಿ, ಸೊನ್ನೆಗೆ ಮರಳಬೇಕು. ಮೂಲೆಗೂ ನಡುವಿಗೂ 2 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಸೊನ್ನೆಗೆ ಮರಳದೆ 2–3ರಲ್ಲಿ ನಿಂತರೆ, ತಟ್ಟೆಯ ಅಡಿಯಲ್ಲಿ ಪುಡಿ ಸಿಕ್ಕಿಕೊಂಡಿದೆ ಅಥವಾ ಲೋಡ್‌ಸೆಲ್ ಬಾಗಿದೆ. ಬ್ಯಾಟರಿ ಇಳಿದಿದ್ದರೂ ಓದಿಕೆ ಅಲೆದಾಡುತ್ತದೆ, ಮೊದಲು ಅದನ್ನು ಬದಲಿಸಿ. ಬಟ್ಟೆಯ ಮೇಲೆ, ಅಲುಗಾಡುವ ಮೇಜಿನ ಮೇಲೆ ಸ್ಕೇಲ್ ಇಡಬೇಡಿ.

ಎರಡುಗುಟುಕು:

ಮೇಲಿನ ಇಬ್ಬರೂ ಸ್ಕೇಲ್ ನೋಡಿದರು. ನನಗೆ ಟೇರ್ ಒತ್ತುವ ಕ್ರಮದ ಮೇಲೇ ಅನುಮಾನ. ನೀರುನೀರು ಅಂದಿರಲ್ಲ, ಪೇಪರ್ ತೊಳೆದ ನೀರನ್ನು ಸರ್ವರ್‌ನಿಂದ ಪೂರ್ತಿ ಚೆಲ್ಲುತ್ತೀರಾ?

ಪೇಪರ್ ವಾಸನೆ ಹೋಗಲಿ ಎಂದು ಬಿಸಿನೀರು ಹಾಯಿಸುತ್ತೇವೆ, ಸರ್ವರ್ ಕೂಡ ಬೆಚ್ಚಗಾಗುತ್ತದೆ. ಅವಸರದಲ್ಲಿ ಹಾಗೇ ಟೇರ್ ಒತ್ತಿದರೆ ಸ್ಕೇಲ್‌ಗೆ ಆ ನೀರು ಕಾಣುವುದಿಲ್ಲ, ಅದು ಪಾತ್ರೆಯ ತೂಕದಲ್ಲಿ ಸೇರಿಹೋಗಿರುತ್ತದೆ. 250 ಲೆಕ್ಕ ಸರಿಯಾಗೇ ಬರುತ್ತದೆ, ಕಪ್‌ನಲ್ಲಿ ಮಾತ್ರ 15–20 ಗ್ರಾಂ ಬರೀ ನೀರು ಹೆಚ್ಚು. 220 ಗ್ರಾಂ ಕಾಫಿಗೆ ಅದು ಶೇ. 7–9 ನೀರು ಬೆರೆಸಿದ ಹಾಗೆ.

ಎರಡನೆಯ ಅನುಮಾನ ಗ್ರೈಂಡರ್. 15 ಗ್ರಾಂ ಬೀಜ ಹಾಕಿದರೆ 15 ಗ್ರಾಂ ಪುಡಿ ಬೀಳುತ್ತದೆ ಎಂದು ಯಾರು ಹೇಳಿದರು? ಒಂದು ದಿನ ಅರ್ಧ, ಮುಕ್ಕಾಲು ಗ್ರಾಂ ಒಳಗೇ ಅಂಟಿಕೊಳ್ಳುತ್ತದೆ, ಇನ್ನೊಂದು ದಿನ ಹಳೆಯದೂ ಸೇರಿ ಉದುರುತ್ತದೆ. ಹಾಗಾಗಿ ಬೀಜ ತೂಗಿದ ಮೇಲೆ ಪುಡಿಯನ್ನೂ ತೂಗಬೇಕು. ಅಂಟಿಸುವುದು ಸ್ಥಿರ ವಿದ್ಯುತ್. ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ ಬೀಜದಲ್ಲಿ ಒಮ್ಮೆ ತಿರುವಿ ಅರೆಯಿರಿ. ಆ ಒಂದು ತೊಟ್ಟು ತೇವಕ್ಕೆ ಪುಡಿ ಹಾರುವುದು, ಅಂಟುವುದು ಎರಡೂ ಇಳಿಯುತ್ತದೆ.

ಇನ್ನು ಕ್ರಮ. ಪುಡಿ ಬೇರೆ ಬಟ್ಟಲಲ್ಲಿ ತೂಗಿ ಸಿದ್ಧ ಇರಲಿ. ಪೇಪರ್ ತೊಳೆಯಿರಿ, ಸರ್ವರ್ ಚೆಲ್ಲಿ ಕೊಡವಿ. ಸ್ಕೇಲ್ ಮೇಲೆ ಮ್ಯಾಟ್, ಸರ್ವರ್, ಡ್ರಿಪ್ಪರ್. ಪುಡಿ ಹಾಕಿ, ಮೆಲ್ಲಗೆ ತಟ್ಟಿ ಸಮ ಮಾಡಿ. ಒಟ್ಟು ತೂಕ ಬರೆದುಕೊಳ್ಳಿ. ಟೇರ್. ನೀರು ಪುಡಿಗೆ ತಾಗಿದ ಕ್ಷಣದಿಂದ ಸಮಯ ಎಣಿಸಿ.

ಮೊದಲು 45 ಗ್ರಾಂ, ಪುಡಿಯ ಮೂರು ಪಟ್ಟು. ಪುಡಿ ಉಬ್ಬಿ ಗುಳ್ಳೆ ಏಳುತ್ತದೆ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುವುದು ಅದು. 45 ಸೆಕೆಂಡ್ ಬಿಡಿ. ಅಲ್ಲಿಂದ 1 ನಿಮಿಷ 10 ಸೆಕೆಂಡ್ ಆಗುವಷ್ಟರಲ್ಲಿ 150 ಗ್ರಾಂ. ಅಂದರೆ 25 ಸೆಕೆಂಡಿಗೆ 105 ಗ್ರಾಂ, ಸೆಕೆಂಡಿಗೆ ನಾಲ್ಕು ಚಿಲ್ಲರೆ. ಮಟ್ಟ ಸ್ವಲ್ಪ ಇಳಿಯಲು ಬಿಟ್ಟು, 1:20ಕ್ಕೆ ಮತ್ತೆ ಶುರು ಮಾಡಿ 1:45ರೊಳಗೆ 245, ಅಂಕಿ ತಾನಾಗಿ 250ಕ್ಕೆ ಬಂದು ಸೇರುತ್ತದೆ. ಕೊನೆಯ ನೀರು ಪುಡಿಯಿಂದ ಇಳಿಯುವುದು 2:45–3:00ಕ್ಕೆ. ಅಳತೆ ಎಲ್ಲ ಸರಿಯಿದ್ದೂ ಸಮಯ 2:10ಕ್ಕೆ ಮುಗಿದರೆ ಪುಡಿ ದಪ್ಪ, 4 ನಿಮಿಷ ಹಿಡಿದರೆ ನುಣುಪು. ಅದನ್ನು ಸ್ಕೇಲ್ ಸರಿಮಾಡಲಾರದು.

ಮುಗಿದ ಮೇಲೆ ಇನ್ನೊಂದು ತೂಕ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಡ್ರಿಪ್ಪರ್ ಎತ್ತಿ ಸರ್ವರ್ ಮಾತ್ರ ತೂಗಿ, ಖಾಲಿ ಸರ್ವರ್ ತೂಕ ಕಳೆಯಿರಿ. (ಖಾಲಿ ತೂಕವನ್ನು ಟೇಪಿನ ಮೇಲೆ ಬರೆದು ಸರ್ವರ್‌ನ ಹಿಡಿಗೆ ಅಂಟಿಸಿಡಿ.) ಒಂದು ಗ್ರಾಂ ಪುಡಿ ಸುಮಾರು 2 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. 15ಕ್ಕೆ 30. ಅಂದರೆ 250 ಹಾಕಿದರೆ 220ರ ಹತ್ತಿರ ಇಳಿಯಬೇಕು. 238 ಬಂತೋ, ತೊಳೆದ ನೀರು ಒಳಗಿತ್ತು. 208 ಬಂತೋ, ನೀರು ಕಡಿಮೆ ಬಿದ್ದಿದೆ ಅಥವಾ ಪೂರ್ತಿ ಇಳಿಯುವ ಮೊದಲೇ ಎತ್ತಿದ್ದೀರಿ.

ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಡ್ರಿಪ್, ಫ್ರೆಂಚ್ ಪ್ರೆಸ್ (ಪ್ಲಂಜರ್ ಇರುವ ಜಗ್), ಏರೋಪ್ರೆಸ್ (ಕೈಯಿಂದ ಒತ್ತಿ ಇಳಿಸುವ ಕೊಳವೆ) ರೆಸಿಪಿಗಳಲ್ಲಿ ಅಂಕಿ ಎಂದರೆ ಹಾಕುವ ನೀರು. ಎಸ್‌ಪ್ರೆಸೊದಲ್ಲಿ ಮಾತ್ರ ಇಳಿದ ಕಾಫಿ: 18 ಗ್ರಾಂ ಪುಡಿಗೆ 36 ಗ್ರಾಂ, 25–30 ಸೆಕೆಂಡಿನಲ್ಲಿ. ಅಲ್ಲಿ ಪಂಪ್ ಎಷ್ಟು ನೀರು ದೂಡಿತು ಎಂದು ತೂಗುವ ದಾರಿಯಿಲ್ಲ, ಕಪ್ ತೂಗುವುದೇ ದಾರಿ. ಪಂಪ್ ನಿಲ್ಲಿಸಿದ ಮೇಲೂ ಎರಡು ಮೂರು ಗ್ರಾಂ ತೊಟ್ಟಿಕ್ಕುವುದರಿಂದ 33ಕ್ಕೇ ನಿಲ್ಲಿಸುತ್ತಾರೆ.

ನೀರನ್ನು ಸರ್ವರ್‌ನ ಮಿಲಿ ಗೆರೆ ನೋಡಿ ಅಳೆದರೆ ಸಾಲದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 93 ಡಿಗ್ರಿಯ ನೀರು ಹಿಗ್ಗಿರುತ್ತದೆ, 1 ಮಿಲಿ ತೂಗುವುದು 0.963 ಗ್ರಾಂ. 250 ಗ್ರಾಂ ಬಿಸಿನೀರು ಸುಮಾರು 260 ಮಿಲಿ ಜಾಗ ತೆಗೆದುಕೊಳ್ಳುತ್ತದೆ. ಸಾಲದ್ದಕ್ಕೆ ಪುಡಿ ಹಿಡಿದಿಟ್ಟ ನೀರು ಸರ್ವರ್‌ನಲ್ಲಿ ಇರುವುದೇ ಇಲ್ಲ.

ಬರ್ರ್‌ಮೊದಲು:

ಇಷ್ಟೆಲ್ಲ ಸರಿ. ಆದರೆ ಮೂಗಿಗಿಂತ ಮೂಗುತಿ ಭಾರ ಆಗಬಾರದು. ಗ್ರೈಂಡರ್ ಬ್ಲೇಡ್ ಇರುವಂಥದ್ದಾದರೆ 0.1 ಗ್ರಾಂ ಸ್ಕೇಲ್‌ಗೆ ಹಣ ಹಾಕುವುದು ಆಮೇಲಿನ ಮಾತು. ಬ್ಲೇಡ್ ಅರೆಯುವುದಿಲ್ಲ, ಕೊಚ್ಚುತ್ತದೆ. ಹಿಟ್ಟಿನಂಥ ಪುಡಿಯೂ ಅರ್ಧ ಬೀಜವೂ ಒಟ್ಟಿಗೇ ಇರುತ್ತವೆ. ಮೊದಲನೆಯದು ಕಹಿ ಬಿಡುತ್ತದೆ, ಎರಡನೆಯದು ಹುಳಿ. ಎಷ್ಟು ಕರಾರುವಾಕ್ಕಾಗಿ ತೂಗಿದರೂ ಅದೇ ಗೋಳು.

ಟೈಮರ್ ಫೋನಿನಲ್ಲೇ ಇದೆ. ಬ್ಲೂಟೂತ್, ನೀರಿನ ವೇಗದ ಗ್ರಾಫ್ ಎಲ್ಲ ನೋಡಲು ಚೆಂದ, ಶುರುವಿನಲ್ಲಿ ಬೇಡ.

ಸ್ಕೇಲ್ ನಿಖರವಾಗಿದೆಯೋ ಇಲ್ಲವೋ ಎಂದು ತೂಕದ ಬಟ್ಟು ತಂದು ಪರೀಕ್ಷಿಸುವ ಗೀಳೂ ಬೇಡ. ಸ್ಕೇಲ್ ಎಲ್ಲವನ್ನೂ ಶೇ. 2 ಹೆಚ್ಚು ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಪುಡಿಯೂ ಶೇ. 2 ಕಡಿಮೆ ಬೀಳುತ್ತದೆ, ನೀರೂ ಅಷ್ಟೇ ಕಡಿಮೆ ಬೀಳುತ್ತದೆ. ಅನುಪಾತ ಕದಲುವುದಿಲ್ಲ. ಕಾಫಿಗೆ ಬೇಕಾದ್ದು ದಿನಾ ಒಂದೇ ಥರ ತೂಗುವ ಸ್ಕೇಲ್. ಅದು ಹೇಳುವ ಗ್ರಾಂ ಲೋಕದ ಗ್ರಾಂಗೆ ತಾಳೆಯಾಗದಿದ್ದರೂ ನಡೆಯುತ್ತದೆ.

ಅನುಪಾತವನ್ನೂ ಶಾಸನ ಅಂದುಕೊಳ್ಳಬೇಡಿ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಹೇಳುವ ಲೀಟರಿಗೆ 55 ಗ್ರಾಂ ಅಂದರೆ ಸುಮಾರು 1:18, ಅದಕ್ಕೂ ಶೇ. 10 ಆಚೀಚೆ ಬಿಟ್ಟಿದ್ದಾರೆ. ಅದರ ಬೇರು 1950ರ ದಶಕದಲ್ಲಿ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ಮಾಡಿದ ಕೆಲಸದಲ್ಲಿದೆ: ಪುಡಿಯ ಶೇ. 18–22 ಕರಗಿ ನೀರಿಗೆ ಬಂದರೆ ರುಚಿ ಹದ ಎಂಬ ಲೆಕ್ಕ. 220 ಗ್ರಾಂ ಕಾಫಿಯಲ್ಲಿ ಕರಗಿದ ಅಂಶ ಶೇ. 1.35 ಇದ್ದರೆ ಸುಮಾರು 3 ಗ್ರಾಂ. 15ರಲ್ಲಿ 3, ಅಂದರೆ ಶೇ. 20. ನಾವು ಕುಡಿಯುವುದು ಆ ಮೂರು ಗ್ರಾಂ, ಉಳಿದದ್ದು ನೀರು.

ಲೋಡ್‌ಸೆಲ್:

ಅನುಪಾತದಲ್ಲಿ ತಪ್ಪು ತಟ್ಟದು ಎಂಬ ಮಾತಿಗೆ ಎರಡು ತಿದ್ದುಪಡಿ. ಶೇಕಡಾವಾರು ತಪ್ಪಾದರೆ ಮಾತ್ರ ಅದು ನಿಜ. ಸೊನ್ನೆ ಜಾರಿ ಎಲ್ಲದಕ್ಕೂ 1 ಗ್ರಾಂ ಸೇರುತ್ತಿದ್ದರೆ 250ಕ್ಕೆ ಲೆಕ್ಕವಿಲ್ಲ, 15ಕ್ಕೆ ದೊಡ್ಡದು. ಎರಡನೆಯದು, ಪುಡಿಗೆ ಒಂದು ಸ್ಕೇಲ್, ನೀರಿಗೆ ಇನ್ನೊಂದು ಎಂದಾದರೆ ಅವೆರಡರ ತಪ್ಪು ಒಂದನ್ನೊಂದು ಕಳೆಯುವುದಿಲ್ಲ. ಒಂದೇ ವಸ್ತುವನ್ನು, 150–200 ಗ್ರಾಂ ಇರುವಂಥದ್ದನ್ನು, ಎರಡರಲ್ಲೂ ತೂಗಿ ನೋಡಿ. ಶೇ. 1ರೊಳಗೆ ಹೊಂದಿದರೆ ಸಾಕು.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ‘0.1 ಗ್ರಾಂ’ ಎಂದು ಬರೆದ ಎಲ್ಲ ಸ್ಕೇಲ್‌ಗಳೂ ಪೂರ್ತಿ 0.1 ತೋರಿಸುವುದಿಲ್ಲ. ಹ್ಯಾರಿಯೋದ 2 ಕೆಜಿ ಡ್ರಿಪ್ ಸ್ಕೇಲ್ 200 ಗ್ರಾಂವರೆಗೆ 0.1, 500ವರೆಗೆ 0.5, ಅದರಾಚೆ 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಇದು ದೋಷವಲ್ಲ, ಹಗುರ ಬಟ್ಟಲಲ್ಲಿ ಪುಡಿ ತೂಗಿದರೆ 0.1 ಸಿಗುತ್ತದೆ, ನೀರಿಗೆ ಅದು ಬೇಕಾಗಿಯೂ ಇಲ್ಲ. ಭಾರದ ಸರ್ವರ್ ಮೇಲಿಟ್ಟುಕೊಂಡೇ ಪುಡಿ ತೂಗುವ ಅಭ್ಯಾಸ ಇದ್ದರೆ ಮಾತ್ರ ಎಡವುತ್ತೀರಿ.

ಹೊಸಪುಡಿ:

ಎಲ್ಲರಿಗೂ ಧನ್ಯವಾದ. ಪರೀಕ್ಷೆಗಳ ಫಲಿತಾಂಶ: 100 ತೊಟ್ಟಿಗೆ 1 ಗ್ರಾಂ ತೋರಿಸಿತು, ಚಮಚ ಇಟ್ಟ ಮೇಲೆ, ಚಮಚದ ತೂಕ ಕಳೆದು, 5. ನಾಲ್ಕು ಮೂಲೆಯಲ್ಲೂ ವ್ಯತ್ಯಾಸ 1 ಗ್ರಾಂ ಮೀರಲಿಲ್ಲ, ಸೊನ್ನೆಗೂ ಮರಳುತ್ತದೆ. ಪೇಪರ್ ತೊಳೆದು ಚೆಲ್ಲದೆ ಸರ್ವರ್ ತೂಗಿದರೆ ಖಾಲಿಗಿಂತ 18 ಗ್ರಾಂ ಹೆಚ್ಚು! ಗ್ರೈಂಡರ್ ಬರ್ರ್ (ಕೊಚ್ಚದೆ ಅರೆಯುವ ಹಲ್ಲಿನ ಚಕ್ರ) ಇರುವುದೇ, ಆದರೆ ಬ್ರಷ್ ಆಡಿಸಿದಾಗ ಹತ್ತಿರ ಹತ್ತಿರ 1 ಗ್ರಾಂ ಹಳೆ ಪುಡಿ ಬಿತ್ತು.

ಇದೇ ಸ್ಕೇಲ್ ಫ್ರೆಂಚ್ ಪ್ರೆಸ್, ಮೋಕಾ ಪಾಟ್ (ಒಲೆಯ ಮೇಲಿಟ್ಟು ಕಾಫಿ ಮಾಡುವ ಪಾತ್ರೆ), ಏರೋಪ್ರೆಸ್‌ಗೂ ಬಳಸಬಹುದಾ?

ಎರಡುಗುಟುಕು:

ಆ 18 ಗ್ರಾಂ ಒಂದೇ ಸಾಕು. ಕರಗಿದ ಅಂಶ ಶೇ. 1.35 ಇರಬೇಕಾದ ಕಾಫಿ 1.25ಕ್ಕೆ ಇಳಿಯುತ್ತದೆ. ಚೆಲ್ಲಿದ ದಿನ ಗಟ್ಟಿ, ಮರೆತ ದಿನ ತೆಳು.

ಫ್ರೆಂಚ್ ಪ್ರೆಸ್‌ಗೆ 30 ಗ್ರಾಂ ಪುಡಿ, 500 ಗ್ರಾಂ ನೀರು, 4 ನಿಮಿಷ. ನೀರು ಹಾಕಿದ ತಕ್ಷಣ ಸ್ಕೇಲ್‌ನ ಕೆಲಸ ಮುಗಿಯಿತು, ಕೆಳಗಿಳಿಸಿಬಿಡಿ. ಆಫ್ ಆಗುವ ಚಿಂತೆಯೇ ಇಲ್ಲ.

ಮೋಕಾ ಪಾಟ್‌ನಲ್ಲಿ ಅನುಪಾತ ನಿಮ್ಮ ಕೈಯಲ್ಲಿಲ್ಲ, ಪಾತ್ರೆಯ ಅಳತೆಯಲ್ಲಿದೆ. ಕೆಳಗಿನ ಭಾಗಕ್ಕೆ ಸೇಫ್ಟಿ ವಾಲ್ವ್‌ನ ಕೆಳ ಅಂಚಿನವರೆಗೆ ನೀರು ತುಂಬಿ ಒಮ್ಮೆ ತೂಗಿ. ಪುಡಿಯ ಬಟ್ಟಲನ್ನು ಒತ್ತದೆ ಅಂಚಿನವರೆಗೆ ತುಂಬಿ ಒಮ್ಮೆ ತೂಗಿ. ಎರಡು ಅಂಕಿ ಬರೆದಿಡಿ, ನಾಳೆಯಿಂದ ಅಷ್ಟೇ. ಬೀಜ ಬದಲಾದರೆ ಪುಡಿಯ ಅಂಕಿ ಮಾತ್ರ ಮತ್ತೆ ನೋಡಬೇಕು, ಹುರಿದದ್ದು ಕಡುವಾದಷ್ಟೂ ಅದೇ ಬಟ್ಟಲಿಗೆ ಕಡಿಮೆ ಗ್ರಾಂ ಹಿಡಿಯುತ್ತದೆ. ಒಲೆಯಿಂದ ಇಳಿಸಿದ ಪಾಟ್ ನೇರ ಸ್ಕೇಲ್ ಮೇಲೆ ಇಡಲೇಬೇಡಿ.

ಲೋಡ್‌ಸೆಲ್:

ಏರೋಪ್ರೆಸ್‌ಗೆ ನನ್ನ ಒಂದೇ ಸೂಚನೆ: ಸ್ಕೇಲ್ ಮೇಲೆ ಇಟ್ಟು ಒತ್ತಬೇಡಿ. ನೀರು ತೂಗಿದ ಮೇಲೆ ಕಪ್ ಸಮೇತ ಮೇಜಿಗೆ ಇಳಿಸಿ, ಆಮೇಲೆ ಒತ್ತಿ. ಮೈಭಾರ ಹಾಕಿ ಎರಡು ಕೈಯಿಂದ ಒತ್ತಿದರೆ 10–20 ಕೆಜಿ ಬಲ ಆರಾಮಾಗಿ ಬೀಳುತ್ತದೆ. 2 ಕೆಜಿ ಸ್ಕೇಲ್‌ನ ಲೋಡ್‌ಸೆಲ್ ಅದನ್ನು ತಾಳುವುದಿಲ್ಲ. ಪಟ್ಟಿ ಒಮ್ಮೆ ಶಾಶ್ವತವಾಗಿ ಬಾಗಿದರೆ ಸೊನ್ನೆ ಜಾರುತ್ತದೆ, ಕ್ಯಾಲಿಬ್ರೇಷನ್‌ನಿಂದಲೂ ಸರಿಹೋಗದೆ ಇರಬಹುದು. ಫ್ರೆಂಚ್ ಪ್ರೆಸ್‌ನ ಪ್ಲಂಜರ್, ಎಸ್‌ಪ್ರೆಸೊ ಟ್ಯಾಂಪಿಂಗ್ (ಪುಡಿಯನ್ನು ಒತ್ತಿ ಗಟ್ಟಿ ಮಾಡುವುದು), ಎಲ್ಲಕ್ಕೂ ಇದೇ ಮಾತು. ಕಪಾಟಿನಲ್ಲಿ ಸ್ಕೇಲ್ ಮೇಲೆ ಪಾತ್ರೆ ಪೇರಿಸುವುದೂ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ, ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಇಡಿ.

ಹೊಸದು ನೋಡುವುದಾದರೆ 2 ಕೆಜಿ, 0.1 ಗ್ರಾಂ, ಆಟೋ ಆಫ್ ಕನಿಷ್ಠ 5 ನಿಮಿಷ ಅಥವಾ ಬದಲಿಸಿಕೊಳ್ಳುವ ಸೌಲಭ್ಯ. ಅಂಕಿಯ ಪರದೆ ಸರ್ವರ್‌ನ ಅಡಿಗೆ ಮರೆಯಾಗದಂತೆ ಮುಂದಕ್ಕೆ ಚಾಚಿರಲಿ. ಬಟನ್ ಸುತ್ತ ನೀರು ಇಳಿಯುವ ಸಂದು ಇದ್ದರೆ ಬಿಟ್ಟುಬಿಡಿ, ಕೆಟಲ್‌ನ ಮೂತಿಯಿಂದ ಬೀಳುವ ಎರಡು ತೊಟ್ಟು ಯಾವಾಗಲೂ ಅಲ್ಲಿಗೇ ಹೋಗುತ್ತವೆ.